ಜರ್ಮನಿಗೆ ಹೊರಟವರಿಗೆ ‘ಹೆಂಡಿ’ ಗೊತ್ತಿದ್ದರೆ ಸಾಲದು

ಜರ್ಮನಿಗೆ ಹೋಗಿ, ರೂಮ್ ಸಿಕ್ಕಿ, ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ ಕೆಲವೇ ವಾರಗಳಲ್ಲಿ ಹೊಸಬರ ಅಂಚೆ ಪೆಟ್ಟಿಗೆಗೆ ಒಂದು ಪತ್ರ ಬೀಳುತ್ತದೆ. ಅದರ ಮೇಲ್ಗಡೆ ಇರುವ ಪದ ‘ರುಂಡ್‌ಫುಂಕ್‌ಬೈಟ್ರಾಗ್’. ಓದಲು ಬಾರದವರು ಇದನ್ನು ಜಾಹೀರಾತು ಎಂದುಕೊಂಡು ಕಸದ ಬುಟ್ಟಿಗೆ ಹಾಕುವುದುಂಟು. ಓದಲು ಬಂದವರಿಗೂ ಸಂಶಯ: ರೂಮಿನಲ್ಲಿ ಟಿವಿಯೇ ಇಲ್ಲ, ರೇಡಿಯೊ ಇಲ್ಲ, ಮತ್ತೆಂಥ ದುಡ್ಡು? ಆದರೆ ಪತ್ರ ಅಸಲಿಯದ್ದೇ. ‘ರುಂಡ್‌ಫುಂಕ್’ ಎಂದರೆ ರೇಡಿಯೊ-ಟಿವಿ ಪ್ರಸಾರ, ‘ಬೈಟ್ರಾಗ್’ ಎಂದರೆ ವಂತಿಗೆ. ಎಆರ್‌ಡಿ, ಝಡ್‌ಡಿಎಫ್ ಮತ್ತು ಡಾಯ್ಚ್‌ಲಾಂಡ್‌ರಾಡಿಯೊ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆಗಳು ನಡೆಯುವುದು ಈ ದುಡ್ಡಿನಿಂದ. 2013ರಿಂದ ಇದು ಟಿವಿಯ ಲೆಕ್ಕದಲ್ಲಿ ಅಲ್ಲ, ಮನೆಯ ಲೆಕ್ಕದಲ್ಲಿ ಬರುತ್ತದೆ. 2021ರ ಆಗಸ್ಟ್‌ನಿಂದ ಒಂದು ಮನೆಗೆ ತಿಂಗಳಿಗೆ 18.36 ಯೂರೊ. ಉತ್ತರಿಸದೆ ಕುಳಿತರೆ ಅವರೇ ಹೆಸರು ಸೇರಿಸಿಕೊಳ್ಳುತ್ತಾರೆ, ಬಾಕಿ ಬೆಳೆಯುತ್ತದೆ, ದಂಡವೂ ಬೀಳುತ್ತದೆ. ಅದೇ ಮನೆಯಲ್ಲಿ ಜೊತೆಗಿರುವವರಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ನಂಬರ್ ಬರೆದು ಕಳಿಸಿದರೆ ಸಾಕು, ಎರಡನೆಯವರು ಕಟ್ಟಬೇಕಿಲ್ಲ. ಒಂದು ಪದದ ಅರ್ಥ ಗೊತ್ತಿದ್ದರೆ ಉಳಿಯುವ ದುಡ್ಡು ಇದು.

ಕರಾವಳಿಯ ಬ್ಯಾರಿ ಕುಟುಂಬಗಳಿಗೆ ಪರದೇಶ ಎಂದರೆ ಗಲ್ಫ್ ಎಂಬ ಕಾಲ ಬಹಳ ವರ್ಷ ಇತ್ತು. ಅಲ್ಲಿ ಮಲಯಾಳ, ಹಿಂದಿ, ಸ್ವಲ್ಪ ಇಂಗ್ಲಿಷ್ ಇದ್ದರೆ ಅಂಗಡಿಯಲ್ಲಾಗಲಿ ಆಫೀಸಿನಲ್ಲಾಗಲಿ ಕೆಲಸ ಸಾಗುತ್ತಿತ್ತು. ಜರ್ಮನಿಯಲ್ಲಿ ಹಾಗಿಲ್ಲ. ಕೆಲಸ ಮಾಡುತ್ತಾ ಕಲಿಯುವ ‘ಔಸ್‌ಬಿಲ್ಡುಂಗ್’ ತರಬೇತಿಗೆ ಸಾಮಾನ್ಯವಾಗಿ ಬಿ1, ನರ್ಸಿಂಗ್‌ಗೆ ಬಿ2 ಮಟ್ಟದ ಭಾಷೆ ಕೇಳುತ್ತಾರೆ. ಇಂಗ್ಲಿಷಿನಲ್ಲೇ ಎಂಎಸ್ ಮಾಡುವವರಿಗೂ ಮನೆಗೆ ಬರುವ ಪತ್ರಗಳು ಜರ್ಮನ್‌ನಲ್ಲೇ ಇರುತ್ತವೆ. ಹೆಚ್ಚಿನ ಕ್ಲಾಸುಗಳಲ್ಲಿ ಮಾಧ್ಯಮ ಮತ್ತು ತಂತ್ರಜ್ಞಾನದ ಪಾಠ ಎಂದರೆ ಮೊಬೈಲ್, ಕಂಪ್ಯೂಟರ್, ಪತ್ರಿಕೆ, ವಾರ್ತೆ ಎಂಬ ಇಪ್ಪತ್ತು ಮೂವತ್ತು ಪದಗಳ ಪಟ್ಟಿ. ಕಷ್ಟಕ್ಕೆ ಸಿಲುಕಿಸುವ ಪದಗಳು ಆ ಪಟ್ಟಿಯ ಹೊರಗೆ ಇವೆ.

ಹಾಗಂತ ಪಟ್ಟಿಯನ್ನು ಬಿಡುವಂತಿಲ್ಲ. ಅದರಲ್ಲಿ ಮೊದಲು ಮೋಸ ಮಾಡುವವು ಇಂಗ್ಲಿಷಿನಂತೆ ಕಾಣುವ ಪದಗಳು. ಮೊಬೈಲ್ ಫೋನಿಗೆ ಅಲ್ಲಿ ‘ಹೆಂಡಿ’ ಎನ್ನುತ್ತಾರೆ. ಇಂಗ್ಲಿಷ್ ಪದದಂತೆ ಬರೆದರೂ ಇಂಗ್ಲಿಷಿನಲ್ಲಿ ಅದಕ್ಕೆ ಆ ಅರ್ಥವಿಲ್ಲ. ಜರ್ಮನ್‌ನಲ್ಲಿ ‘ಮೊಬಿಲೆ’ ಎಂದರೆ ಮಗುವಿನ ತೊಟ್ಟಿಲ ಮೇಲೆ ತೂಗುಬಿಡುವ ಆಟಿಕೆ. ಕ್ಲಾಸಿನಲ್ಲಿ ‘ಬೀಮರ್’ ಹಾಕಿ ಎಂದರೆ ಪ್ರೊಜೆಕ್ಟರ್ ಹಾಕಿ ಎಂದು.

ಉದ್ದುದ್ದದ ಪದಗಳನ್ನು ಕಂಡು ಹೆದರುವವರೇ ಜಾಸ್ತಿ. ಆದರೆ ಕನ್ನಡ ಶಾಲೆಯಲ್ಲಿ ಸಮಾಸ ಬಿಡಿಸಿದವರಿಗೆ ಇದು ಹೊಸತಲ್ಲ. ‘ಫೆರ್ನ್’ ಎಂದರೆ ದೂರ, ‘ಝೇಯನ್’ ಎಂದರೆ ನೋಡುವುದು. ‘ಫೆರ್ನ್‌ಝೇಯನ್’ ಎಂದರೆ ನೇರವಾಗಿ ದೂರದರ್ಶನ. ಟೆಲಿಫೋನಿಗೆ ಹಿಂದೆ ಇದ್ದ ‘ಫೆರ್ನ್‌ಶ್ಪ್ರೆಖರ್’ ನಮ್ಮ ದೂರವಾಣಿಯ ಅಣ್ಣನೇ. ‘ಬಿಲ್ಟ್‌ಶಿರ್ಮ್’ ಎಂದರೆ ಸ್ಕ್ರೀನ್: ‘ಬಿಲ್ಟ್’ ಚಿತ್ರ, ‘ಶಿರ್ಮ್’ ಮರೆ. ಮಳೆಗೆ ಹಿಡಿಯುವ ಕೊಡೆ ಕೂಡ ‘ರೇಗನ್‌ಶಿರ್ಮ್’. ಕಂಪ್ಯೂಟರಿನ ಮೆಮೊರಿಗೆ ಹೇಳುವ ‘ಶ್ಪೈಖರ್’ ಮೂಲದಲ್ಲಿ ಧಾನ್ಯ ತುಂಬಿಡುವ ಕಣಜ. ಫೈಲ್ ಸೇವ್ ಮಾಡುವುದು ‘ಶ್ಪೈಖರ್ನ್’, ಅಂದರೆ ಕಣಜಕ್ಕೆ ಹಾಕುವುದು.

ಇಂಥ ಪದಜೋಡಿ ಮಂಗಳೂರಿಗೂ ಹಳೆಯ ನಂಟಿರುವುದೇ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದೇ ಕನ್ನಡದ ಮೊದಲ ಪತ್ರಿಕೆ. ಈಗಲೂ ಜುಲೈ 1 ಪತ್ರಿಕಾ ದಿನ. ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಜರ್ಮನ್‌ನಲ್ಲಿ ಅದರ ಹೆಸರು ‘ಶ್ಟೈನ್‌ಡ್ರುಕ್’: ‘ಶ್ಟೈನ್’ ಕಲ್ಲು, ‘ಡ್ರುಕ್’ ಅಚ್ಚು. ಇವತ್ತು ಮೇಜಿನ ಮೇಲಿರುವ ಪ್ರಿಂಟರ್ ‘ಡ್ರುಕರ್’. ಮೋಗ್ಲಿಂಗ್ ನಂತರ ಬಂದ ಫರ್ಡಿನೆಂಡ್ ಕಿಟೆಲ್ ವರ್ಷಗಟ್ಟಲೆ ಕನ್ನಡ ಪದಗಳನ್ನು ಕೂಡಿಹಾಕಿದರು, ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಆಗ ಜರ್ಮನರು ಇಲ್ಲಿನ ಪದ ಕಲಿತರು, ಈಗ ಇಲ್ಲಿನ ಮಕ್ಕಳು ಅವರದ್ದನ್ನು ಕಲಿಯುತ್ತಿದ್ದಾರೆ.

ಬ್ಯಾರಿ ಮಕ್ಕಳಿಗೆ ಇದರಲ್ಲಿ ಒಂದಿಷ್ಟು ಅನುಕೂಲವೂ ಉಂಟು. ಮನೆಯಲ್ಲಿ ಒಂದು ಮಾತು, ಬರೆಯುವುದು ಇನ್ನೊಂದು ಎಂಬ ಬದುಕು ಅವರಿಗೆ ಹುಟ್ಟಿನಿಂದ ಬಂದದ್ದು. ತಮಿಳುನಾಡಿನ ತೇನಿ, ಕಂಬಂ ಕಣಿವೆ, ದಿಂಡಿಗಲ್ ಕಡೆ ಮನೆಯಲ್ಲಿ ಕನ್ನಡ ಆಡುತ್ತಾ ತಮಿಳಿನಲ್ಲಿ ಓದಿ ಬರೆಯುವ ಕುಟುಂಬಗಳದ್ದೂ ಇದೇ ಕಥೆ. ಹೀಗೆ ಬೆಳೆದವರು ಹೊಸ ವಸ್ತುವಿನ ಹೆಸರನ್ನು ಕಿವಿಯಿಂದ ಹಿಡಿಯುತ್ತಾರೆ. ಇದರ ಮೇಲೆ ಮದ್ರಸದ ಅರಬಿ ಇದೆ. ‘ನಾಖ್‌ರಿಖ್ಟನ್’, ಅಂದರೆ ವಾರ್ತೆ, ಎಂಬಲ್ಲಿ ಮೊದಲು ಬರುವ ಖ ಅರಬಿಯ ‘ಖಾ’ದ ಹಾಗೆಯೇ ಗಂಟಲಿನಿಂದ ಬರಬೇಕು, ಇಂಗ್ಲಿಷ್ ಮಾತ್ರ ಬಲ್ಲವರು ಇಲ್ಲಿ ಒದ್ದಾಡುತ್ತಾರೆ. ಎರಡನೆಯದು ಮಾತ್ರ ಮೆತ್ತಗೆ, ಬಹುತೇಕ ‘ಶ’ದ ಹತ್ತಿರ.

ಇನ್ನು ಲಿಂಗ. ಜರ್ಮನ್‌ನಲ್ಲಿ ಪ್ರತಿ ವಸ್ತುವಿಗೂ ಡೇರ್, ಡೀ, ಡಾಸ್ ಎಂದು ಮೂರರಲ್ಲಿ ಒಂದು ಹಣೆಪಟ್ಟಿ. ಫೋನ್ ‘ಡಾಸ್ ಹೆಂಡಿ’, ಸ್ಕ್ರೀನ್ ‘ಡೇರ್ ಬಿಲ್ಟ್‌ಶಿರ್ಮ್’, ಫೈಲ್ ‘ಡೀ ಡಾಟೈ’. ಯಾಕೆ ಎಂದು ಕೇಳಿ ಪ್ರಯೋಜನವಿಲ್ಲ. ಅರಬಿಯಲ್ಲಿ ಸೂರ್ಯ ‘ಶಮ್ಸ್’ ಸ್ತ್ರೀಲಿಂಗ, ಚಂದ್ರ ‘ಕಮರ್’ ಪುಲ್ಲಿಂಗ ಎಂದು ಉಸ್ತಾದರು ಹೇಳಿಕೊಟ್ಟಾಗ ಯಾರೂ ಕಾರಣ ಕೇಳಲಿಲ್ಲ. ಜರ್ಮನ್‌ನಲ್ಲೂ ಸೂರ್ಯ ‘ಡೀ ಝೊನ್ನೆ’ ಹೆಣ್ಣು, ಚಂದ್ರ ‘ಡೇರ್ ಮೋಂಟ್’ ಗಂಡು. ಪದದ ಜೊತೆಗೇ ಹಣೆಪಟ್ಟಿಯನ್ನೂ ಬಹುವಚನವನ್ನೂ ಬಾಯಿಪಾಠ ಮಾಡುವುದೊಂದೇ ದಾರಿ. ಸಂಖ್ಯೆಯಲ್ಲೂ ಹಾಗೆ: ಮೂವತ್ತಾರನ್ನು ಅರಬಿಯಂತೆ ‘ಆರು ಮತ್ತು ಮೂವತ್ತು’ ಎನ್ನುತ್ತಾರೆ. ಫೋನಿನಲ್ಲಿ ಯಾರಾದರೂ ನಂಬರ್ ಹೇಳಿದಾಗ 36 ಬರೆಯುವಲ್ಲಿ 63 ಬರೆದು ಕೂರುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಪತ್ರದಲ್ಲಿ 18,36 ಎಂದು ಅಲ್ಪವಿರಾಮ ಕಂಡರೆ ಅದು ಬಿಂದುವಿನ ಜಾಗದಲ್ಲಿ ನಿಂತದ್ದು, 1.000 ಎಂದು ಬಿಂದು ಕಂಡರೆ ಅದು ಒಂದು ಸಾವಿರ.

ಈಗ ಪಟ್ಟಿಯ ಹೊರಗಿನ ಪದಗಳಿಗೆ ಬಂದರೆ, ದುಬಾರಿಯಾಗುವುದು ‘ಆಪ್‌ಮಾನುಂಗ್’. ವಕೀಲರಿಂದ ಬರುವ ಎಚ್ಚರಿಕೆ ಪತ್ರ. ಊರಿನಲ್ಲಿ ಟೊರೆಂಟ್‌ನಿಂದ ಸಿನೆಮಾ ಇಳಿಸುವುದು ಅಭ್ಯಾಸವಾಗಿ ಹೋದವರು ಅಲ್ಲಿಯೂ ಅದನ್ನೇ ಮಾಡುತ್ತಾರೆ. ‘ಹೆರುಂಟರ್‌ಲಾಡನ್’ ಎಂದರೆ ಡೌನ್‌ಲೋಡ್, ‘ಹೋಖ್‌ಲಾಡನ್’ ಎಂದರೆ ಅಪ್‌ಲೋಡ್. ಟೊರೆಂಟ್‌ನಲ್ಲಿ ಸಿನೆಮಾ ಇಳಿಯುತ್ತಿರುವಾಗಲೇ ಅದರ ತುಣುಕುಗಳು ಬೇರೆಯವರಿಗೆ ಹೋಗುತ್ತಿರುತ್ತವೆ, ಅಂದರೆ ನೋಡಿದ್ದಷ್ಟೇ ಅಲ್ಲ, ಹಂಚಿದ್ದೂ ಆಯಿತು. ಪತ್ರದಲ್ಲಿ ನೂರಾರು ಯೂರೊ ಕೇಳಿರುತ್ತಾರೆ. ಜೊತೆಗೆ ‘ಉಂಟರ್‌ಲಾಸುಂಗ್ಸ್-ಎರ್‌ಕ್ಲೇರುಂಗ್’ ಎಂಬ ಕಾಗದ: ಮುಂದೆ ಹೀಗೆ ಮಾಡುವುದಿಲ್ಲ, ಮಾಡಿದರೆ ದಂಡ ಕೊಡುತ್ತೇನೆ ಎಂಬ ಮುಚ್ಚಳಿಕೆ. ಗಾಬರಿಯಲ್ಲಿ ಅದಕ್ಕೆ ಸಹಿ ಹಾಕಬಾರದು, ಪತ್ರವನ್ನು ಮೂಲೆಗೆ ಹಾಕಲೂಬಾರದು. ‘ಫ್ರಿಸ್ಟ್’ ಎಂಬ ಪದದ ಪಕ್ಕದಲ್ಲಿರುವ ತಾರೀಕು ಗಡುವು. ಅದರೊಳಗೆ ‘ಫೆರ್‌ಬ್ರೌಖರ್‌ತ್ಸೆಂಟ್ರಾಲೆ’ ಎಂಬ ಗ್ರಾಹಕ ಸಲಹಾ ಕೇಂದ್ರಕ್ಕಾದರೂ ತೋರಿಸಬೇಕು. ಈ ಹೆಸರಿನಲ್ಲಿ ನಕಲಿ ಇಮೇಲ್ ಕಳಿಸುವ ಕಳ್ಳರೂ ಇದ್ದಾರೆ.

ಮೊಬೈಲ್ ಸಿಮ್ ತೆಗೆದುಕೊಳ್ಳುವಾಗ ಬೇಕಾದವು ‘ಫೆರ್‌ಟ್ರಾಕ್’, ಅಂದರೆ ಒಪ್ಪಂದ, ‘ಲೌಫ್‌ತ್ಸೈಟ್’, ಅಂದರೆ ಅದರ ಅವಧಿ, ಮತ್ತು ‘ಕ್ಯೂಂಡಿಗುಂಗ್’, ಅಂದರೆ ಮುಂಚಿತವಾಗಿ ತಿಳಿಸಿ ಅದನ್ನು ರದ್ದು ಮಾಡುವುದು. ಒಪ್ಪಂದ ಎರಡು ವರ್ಷದ್ದಾಗಿದ್ದರೆ ನಡುವೆ ಊರಿಗೆ ಬಂದು ಸಿಮ್ ಬಿಸಾಡಿದರೂ ಬಿಲ್ ನಿಲ್ಲುವುದಿಲ್ಲ. 2021ರ ಡಿಸೆಂಬರ್‌ನಿಂದ ಕಾನೂನು ಸ್ವಲ್ಪ ಸಡಿಲವಾಗಿದೆ: ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಆರು ತಿಂಗಳಿಗೆ ಹೋಗುವವರು ಪ್ರೀಪೇಯ್ಡ್ ಕೇಳಿದರೆ ಈ ತಲೆಬಿಸಿಯೇ ಇಲ್ಲ. ಅದರಲ್ಲಿ ಉಳಿದಿರುವ ದುಡ್ಡು ‘ಗೂಟ್‌ಹಾಬನ್’.

ನರ್ಸಿಂಗ್ ತರಬೇತಿಗೆ ಹೋಗುವವರಿಗೆ ಇನ್ನೆರಡು: ‘ಡಾಟನ್‌ಶುಟ್ಸ್’ ಎಂದರೆ ಮಾಹಿತಿಯ ರಕ್ಷಣೆ, ‘ಐನ್‌ವಿಲಿಗುಂಗ್’ ಎಂದರೆ ಒಪ್ಪಿಗೆ. ಒಬ್ಬರ ಫೋಟೊ ಅವರ ಒಪ್ಪಿಗೆಯಿಲ್ಲದೆ ಹಂಚಬಾರದು ಎಂಬ ಕಾನೂನು ಜರ್ಮನಿಯಲ್ಲಿ 1907ರಿಂದಲೇ ಇದೆ. ವಾರ್ಡಿನಲ್ಲಿ ಸೆಲ್ಫಿ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿ, ಹಿಂದೆ ರೋಗಿಯ ಮುಖ ಕಂಡರೆ ಕೆಲಸಕ್ಕೇ ಕುತ್ತು ಬರಬಹುದು.

ಇವನ್ನೆಲ್ಲ ಕಿವಿಗೆ ಹಾಕಿಕೊಳ್ಳಲು ಖರ್ಚಿಲ್ಲದ ದಾರಿ ಡಾಯ್ಚ ವೆಲ್ಲೆಯದ್ದು. ಆರಂಭದವರಿಗೆ ‘ನಿಕೋಸ್ ವೇಗ್’ ಎಂಬ ವಿಡಿಯೊ ಪಾಠಮಾಲೆ ಉಂಟು. ಬಿ1 ದಾಟಿದವರಿಗೆ ನಿಧಾನವಾಗಿ ಓದುವ ವಾರ್ತೆ, ಬರೆದ ಪಠ್ಯದ ಸಮೇತ ಸಿಗುತ್ತದೆ. ಒಮ್ಮೆ ಪಠ್ಯ ನೋಡದೆ, ಒಮ್ಮೆ ನೋಡುತ್ತಾ, ಮತ್ತೊಮ್ಮೆ ಜೊತೆಯಲ್ಲೇ ಓದುತ್ತಾ ಕೇಳಬೇಕು. ಕೇಳುವಾಗ ವಾಕ್ಯದ ಕೊನೆಯವರೆಗೆ ಕಾಯಬೇಕು. ‘ಔಫ್‌ಲಾಡನ್’, ಅಂದರೆ ಚಾರ್ಜ್ ಮಾಡುವುದು, ಎಂಬ ಕ್ರಿಯಾಪದ ವಾಕ್ಯದಲ್ಲಿ ಒಡೆದು, ‘ಔಫ್’ ತುಂಡು ಕಟ್ಟಕಡೆಗೆ ಬಂದು ನಿಲ್ಲುತ್ತದೆ. ಮಾಡಿದನೋ ಮಾಡಲಿಲ್ಲವೋ ಎಂಬುದು ವಾಕ್ಯದ ಕೊನೆಯ ಪದದಲ್ಲಿ ತಿಳಿಯುವ ಭಾಷೆಯಿಂದ ಹೋದವರಿಗೆ ಆ ಕಾಯುವಿಕೆ ಅಷ್ಟು ಕಷ್ಟವಾಗದು.