ಕತ್ತರಿ ಮುಟ್ಟದ ಮೇಲಂಗಿ

ಚಳ್ಳಕೆರೆಯಲ್ಲೂ ಚಳಿಯೇ ಅಂತ ನಗುವವರು ಮಾರ್ಗಶಿರದಲ್ಲಿ ಒಂದು ದಿನ ಬೆಳಿಗ್ಗೆ ಐದೂವರೆಗೆ ನಮ್ಮೂರಿನ ರಸ್ತೆಯಲ್ಲಿ ನಿಂತು ನೋಡಬೇಕು. ಕಡಲೆಕಾಯಿ ಕಿತ್ತ ಬೋಳು ಹೊಲಗಳ ಮೇಲಿಂದ ಬರುವ ಗಾಳಿ ನೇರ ಕಿವಿಗೇ ನುಗ್ಗುತ್ತದೆ. ಹತ್ತು ಗಂಟೆಯಾಯಿತೋ, ಅದೇ ಊರು ಕಾದ ಹಂಚು. ಬೆಳಿಗ್ಗೆ ತೊಟ್ಟ ಸ್ವೆಟರ್ ಮಧ್ಯಾಹ್ನ ಕೈಗೆ ಭಾರ. ಸೀರೆ ಉಡುವವರ ಪಾಡು ಇನ್ನೂ ಕಷ್ಟ. ತಲೆಯ ಮೇಲಿಂದ ತೊಡುವ ಸ್ವೆಟರ್ ಸೆರಗಿನ ನೆರಿಗೆಯನ್ನೆಲ್ಲ ಮುದ್ದೆ ಮಾಡಿ, ಭುಜದ ಮೇಲೊಂದು ಗಂಟು ಎಬ್ಬಿಸಿಬಿಡುತ್ತದೆ. ಮುಂದೆ ತೆರೆದಿರುವ, ಬೇಡವೆಂದಾಗ ತೆಗೆದು ಚೀಲಕ್ಕೆ ಹಾಕಬಹುದಾದ ಏನಾದರೊಂದು ಬೇಕಿತ್ತು ನನಗೆ.

ನಾನು ಸೀರೆಗೆ ಕುಚ್ಚು ಕಟ್ಟುವವಳು. ಮೊಳಕಾಲ್ಮೂರಿನ ಮಗ್ಗಗಳಿಂದ ಇಳಿದ ರೇಷ್ಮೆ ಸೀರೆಗಳು ಸೆರಗಿನ ತುದಿಯಲ್ಲಿ ಎಳೆ ಬಿಟ್ಟುಕೊಂಡೇ ಮನೆಗೆ ಬರುತ್ತವೆ. ಕೆಲವರಿಗೆ ಬರೀ ಗಂಟು ಹಾಕಿದರೆ ಸಾಕು. ಮದುವೆ ಸೀರೆಯಾದರೆ ಕ್ರೋಶಾ ಕುಚ್ಚೇ ಆಗಬೇಕು, ನಡುವೆ ಮಣಿಯೂ ಬೇಕು. ಹೀಗೆ ಕ್ರೋಶಾ ಕಡ್ಡಿ ಕೈಗೆ ಅಂಟಿ ಇಪ್ಪತ್ತು ವರ್ಷವಾಯಿತು. ಆದರೆ ಮೈಗೆ ಹಾಕುವಂಥದ್ದನ್ನು ಹೆಣೆದಿರಲಿಲ್ಲ. ಕಂಕುಳು, ಕುತ್ತಿಗೆ, ತೋಳು ಅಂತ ಕಣ್ಣು ಹೆಚ್ಚಿಸು, ಕಡಿಮೆ ಮಾಡು ಎನ್ನುವ ಲೆಕ್ಕ ನೋಡಿದರೇ ತಲೆ ಸುತ್ತುತ್ತಿತ್ತು.

ಲೆಕ್ಕ ಬಿಡಿಸಿದ್ದು ಕಂಬಳಿ.

ನಮ್ಮ ಬೀದಿಯ ಕೊನೆಯಲ್ಲಿ ಕಂಬಳಿ ನೇಯುವ ಅಜ್ಜನೊಬ್ಬನಿದ್ದ. ಚಳ್ಳಕೆರೆ ಅಂದರೆ ಹೊರಗಿನವರಿಗೆ ಎಣ್ಣೆ ಮಿಲ್ಲು. ಬಲ್ಲವರಿಗೆ ಕಂಬಳಿ. ಕುರಿಯ ತುಪ್ಪಟ ಕತ್ತರಿಸಿ, ಹಿಂಜಿ, ಮನೆಯ ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಗಂಡಸರು ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಹುಣಸೆ ಬೀಜದ ಸರಿ ಬಳಿಯುವ ದಿನ ನಾವು ಮಕ್ಕಳು ಆ ಕಡೆ ಓಡಾಡಿದರೆ ಬೈಗುಳ. ಆ ಸರಿಯಿಂದಲೇ ನೂಲು ಗಟ್ಟಿಯಾಗುವುದು, ಹೊಸ ಕಂಬಳಿ ಬಿರುಸಾಗಿರುವುದು. ಕಪ್ಪು ಕುರಿಯ ತುಪ್ಪಟಕ್ಕೆ ಬಣ್ಣ ಹಾಕುವ ಗೋಜೇ ಇಲ್ಲ. ಈ ಸೀಮೆಯ ಕುರಿಯದು ಒರಟು ಕೂದಲು. ಬರಿ ಕುತ್ತಿಗೆಗೆ ತಾಗಿದರೆ ಚುಚ್ಚುತ್ತದೆ, ಆದರೆ ಜಡಿ ಮಳೆಯಲ್ಲೂ ನೀರು ತಟ್ಟನೆ ಒಳಗಿಳಿಯುವುದಿಲ್ಲ. ಕೂದಲು ಉದುರುತ್ತದೆ ಅಂತ ಒಮ್ಮೆ ದೂರಿದ್ದಕ್ಕೆ ಅಜ್ಜ ನಕ್ಕಿದ್ದ. ಕಂಬಳಿ ಮೇಲೆ ಊಟಕ್ಕೆ ಕೂತು ಕೂದಲು ಎಣಿಸಬಾರದು ಎನ್ನುವುದು ಗಾದೆಯಷ್ಟೇ ಅಲ್ಲ, ಗಿರಾಕಿಗೆ ಕೊಡುವ ಉತ್ತರವೂ ಹೌದು.

ಈ ಕಂಬಳಿ ಬರೀ ಒಂದು ಉದ್ದ ಚೌಕ. ತೋಳಿಲ್ಲ, ಗುಂಡಿಯಿಲ್ಲ. ಕುರಿ ಕಾಯುವವನು ಹೆಗಲಿಗೆ ಹಾಕಿದರೆ ಮೇಲುಹೊದಿಕೆ, ನೆಲಕ್ಕೆ ಹಾಸಿದರೆ ಹಾಸಿಗೆ, ನಾಲ್ಕು ಮಡಿಕೆ ಮಾಡಿ ಇಟ್ಟರೆ ದೇವರ ಗದ್ದಿಗೆ. ಮಳೆ ಬಂದರೆ ಮಡಚಿ, ಒಂದು ಬದಿಯ ಮೂಲೆಗಳನ್ನು ಕೂಡಿಸಿ ತಲೆಯ ಮೇಲೆ ಎಳೆದುಕೊಳ್ಳುತ್ತಾನೆ. ಅದೇ ಕೊಪ್ಪೆ. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ತುರುಕಿ ಕೊಪ್ಪೆ ಮಾಡಿಕೊಂಡು ಶಾಲೆಗೆ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಚಪ್ಪಟೆ ಬಟ್ಟೆ ಒಂದೇ ಮಡಿಕೆಯಲ್ಲಿ ಟೊಪ್ಪಿಗೆಯೂ ಆಯಿತು, ಅಂಗಿಯೂ ಆಯಿತು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದವರ ಪೊಂಚೊ ಕೂಡ ಇದೇ ಜಾತಿ: ಚೌಕದ ನಡುವೆ ತಲೆ ತೂರಲು ಒಂದು ಸೀಳು, ಅಷ್ಟೇ.

ನನ್ನ ಫಜೀತಿ ಹೇಳಿಕೊಂಡಾಗ ಅಜ್ಜ ಕೊಪ್ಪೆ ಬಿಚ್ಚಿ ಕೊಡವಿ, ‘ಮೈ ಗುಂಡಗದೆ ಅಂತ ಬಟ್ಟೆನೂ ಗುಂಡಗೆ ನೇಯಕ್ಕಾಗುತ್ತೇನವ್ವ? ಎಲ್ಲಿ ಮಡಚಬೇಕು ಅಂತ ನೋಡು’ ಅಂದ. ಮನೆಗೆ ಬಂದು ಹಳೆಯ ಟವೆಲ್ ಮಡಚಿ, ಪಿನ್ನು ಹಾಕಿ, ಕನ್ನಡಿ ಮುಂದೆ ನಿಂತೆ. ಈಗಿನ ಹುಡುಗಿಯರು ಶ್ರಗ್ ಅನ್ನುತ್ತಾರಲ್ಲ, ಅದು ಕಂಡಿತು.

ಲೆಕ್ಕ ಇಷ್ಟೇ. ಕೈಗಳನ್ನು ಸ್ವಲ್ಪ ಚಾಚಿ, ಒಂದು ಮೊಣಕೈಯಿಂದ ಬೆನ್ನ ಮೇಲೆ ಹಾದು ಇನ್ನೊಂದು ಮೊಣಕೈವರೆಗೆ ಟೇಪು ಹಿಡಿಯಿರಿ. ನನಗೆ 36 ಇಂಚು ಬಂತು. ಅದು ಅಗಲ. ಎತ್ತರ 28 ಇಂಚು ಇಟ್ಟೆ. ಈ ಚೌಕವನ್ನು ಅಡ್ಡಕ್ಕೆ ಅರ್ಧ ಮಡಚಿದರೆ 36ಕ್ಕೆ 14. ಎಡಕ್ಕೊಂದು, ಬಲಕ್ಕೊಂದು ಬದಿ ಸಿಗುತ್ತದೆ. ಎರಡೂ ಬದಿಯಲ್ಲಿ ಮಡಿಕೆಯ ಕಡೆಯಿಂದ 8 ಇಂಚು ತೋಳಿಗೆ ಬಿಟ್ಟು, ಉಳಿದ 6 ಇಂಚನ್ನು ಹೊಲಿಯಬೇಕು. ತೆರೆದ ಬಾಯಿ ನಿಮ್ಮ ಕಡೆಗಿರುವಂತೆ ಹಿಡಿದು ಎರಡು ತೂತಿಗೂ ಕೈ ತೂರಿಸಿ. ಮಡಿಕೆ ಬೆನ್ನ ಮೇಲೆ ಕೂರುತ್ತದೆ. ಒಂದು ಅಂಚು ಕುತ್ತಿಗೆಗೆ ಏರುತ್ತದೆ, ಇನ್ನೊಂದು ಸೊಂಟದತ್ತ ಇಳಿಯುತ್ತದೆ. ಸೆರಗು ಕೆಳಗೆ ತಣ್ಣಗೆ ಕೂತಿರುತ್ತದೆ.

ಕುಚ್ಚಿನ ಕಡ್ಡಿ ಇದಕ್ಕೆ ಆಗದು, ಅದು ಸೂಜಿಯಷ್ಟು ಸಣ್ಣ. 4 ಮಿಲಿಮೀಟರಿನ ಕಡ್ಡಿ ತಂದೆ. ಕ್ರೋಶಾ ಎನ್ನುವುದು ಫ್ರೆಂಚ್ ಮಾತು, ಸಣ್ಣ ಕೊಕ್ಕೆ ಅಂತ ಅರ್ಥ. ಒಂದು ಕೊಕ್ಕೆ, ಒಂದು ದಾರ, ಒಂದು ಸಲಕ್ಕೆ ಒಂದೇ ಕಣ್ಣು. ಕೈಬಿಟ್ಟರೆ ಬಿಚ್ಚುವುದೂ ಒಂದೇ ಕಣ್ಣು, ಹಾಗಾಗಿ ಬಸ್ಸಿನಲ್ಲಿ ಕೂತು ಹೆಣೆಯಲು ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ದಾರವನ್ನು ಕೊಕ್ಕೆಯಿಂದ ಎಳೆದೆಳೆದು ಬಿಡುವುದು ಚೈನ್. ಕಡ್ಡಿಗೆ ಮೊದಲೇ ಒಂದು ಸುತ್ತು ದಾರ ಹಾಕಿಕೊಂಡು ಕಣ್ಣಿಗೆ ಚುಚ್ಚಿ, ಎಳೆದು, ಎರಡೆರಡಾಗಿ ಇಳಿಸಿದರೆ ನಿಲ್ಲುವುದು ಕಂಬ. ಚೌಕಕ್ಕೆ ಇವೆರಡೇ ಸಾಕು.

ಮೊದಲು ನಾಲ್ಕಿಂಚಿನ ತುಂಡು ಹೆಣೆದು ಎಣಿಸಬೇಕು. ನನ್ನ ಕೈಗೆ ನಾಲ್ಕಿಂಚಿನಲ್ಲಿ 16 ಕಂಬ, 8 ಸಾಲು ಬಂದವು. ಅಂದರೆ ಇಂಚಿಗೆ 4 ಕಂಬ, 36 ಇಂಚಿಗೆ 144. ಇಂಚಿಗೆ ಎರಡು ಸಾಲು, 28 ಇಂಚಿಗೆ 56. ಶುರುವಿಗೆ 146 ಚೈನ್ ಹಾಕಿ, ಕಡ್ಡಿಯಿಂದ ನಾಲ್ಕನೆಯದಕ್ಕೆ ಮೊದಲ ಕಂಬ ಚುಚ್ಚಿದರೆ, ಬಿಟ್ಟ ಮೂರು ಚೈನೇ ಒಂದು ಕಂಬವಾಗಿ ನಿಂತು 144 ಸರಿಹೋಗುತ್ತದೆ. ನಿಮ್ಮ ಕೈ ಬಿಗಿಯೋ ಸಡಿಲವೋ ಅದರ ಮೇಲೆ ಈ ಅಂಕಿ ಬದಲಾಗುತ್ತದೆ. ನನ್ನದನ್ನು ಕುರುಡಾಗಿ ನಕಲು ಮಾಡಿದರೆ ನಿಮ್ಮ ಶ್ರಗ್ ನನಗೇ ಸರಿಯಾದೀತು.

ಇಷ್ಟೆಲ್ಲ ಹೇಳುತ್ತೇನಲ್ಲ, ನನ್ನ ಮೊದಲನೆಯದು ಚೌಕವೇ ಆಗಲಿಲ್ಲ. ಸಾಲಿನ ಕೊನೆಯ ಕಂಬವನ್ನು ಬಿಡುತ್ತಾ ಹೋಗಿ 144 ಇದ್ದದ್ದು 131ಕ್ಕೆ ಇಳಿದು, ಮೊರದ ಆಕಾರಕ್ಕೆ ಬಂತು. ಸಾಲು ತಿರುಗುವಾಗ ಹಾಕುವ ಮೂರು ಚೈನೂ ಒಂದು ಕಂಬವೇ, ಅದರ ತಲೆಗೂ ಚುಚ್ಚಬೇಕು ಎಂಬುದು ಆಗ ಗೊತ್ತಾಯಿತು. ಪೂರ್ತಿ ಬಿಚ್ಚಿದೆ. ಎರಡನೆಯ ಸಲ ದಾರ ಸಾಲದೆ ಅದೇ ಅಂಗಡಿಗೆ ಹೋದೆ. ಅದೇ ಬಣ್ಣ ಅಂತ ಕೊಟ್ಟದ್ದು ಹಗಲು ಬೆಳಕಿನಲ್ಲಿ ಬೇರೆಯೇ ಕಂಡಿತು. ಒಟ್ಟು ಸುಮಾರು 300 ಗ್ರಾಂ ಹಿಡಿಯಿತು. ಒಂದೇ ಸಲ ಕೊಳ್ಳುವುದು ಜಾಣತನ.

ಅಜ್ಜನ ಮನೆಯ ರಾಟೆ ನೂಲಿನಲ್ಲೂ ಒಂದು ಗೇಣು ಹೆಣೆದು ನೋಡಿದೆ. ದಪ್ಪ ತೆಳುವಾಗಿ ಓಡುವ ನೂಲು ಕೊಕ್ಕೆಗೆ ಸಿಕ್ಕಿ ಸಿಕ್ಕಿ ಕೈ ನೋಯಿಸಿತು. ಕಂಬಳಿಯ ನೂಲು ಮಗ್ಗಕ್ಕೇ ಹುಟ್ಟಿದ್ದು. ಅದನ್ನು ಕ್ರೋಶಾಕ್ಕೆ ಎಳೆಯುವುದು ಇಬ್ಬರಿಗೂ ಅನ್ಯಾಯ. ನಾನು ಕಲಿತದ್ದು ಅದರ ಮಡಿಕೆಯನ್ನು ಮಾತ್ರ.

ನಮ್ಮ ಪಕ್ಕದ ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ ಹೆಂಗಸರು ತಲೆಮಾರುಗಳಿಂದ ಕ್ರೋಶಾ ಲೇಸು ಹೆಣೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕೆಲಸ. 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಮೊಳಕಾಲ್ಮೂರು ಸೀರೆಗೂ ಆ ಗುರುತು ಇದೆ. ಆದರೆ ಆ ಸೀರೆಯ ತುದಿಯಲ್ಲಿ ಕುಚ್ಚು ಕಟ್ಟುವ ನಮ್ಮಂಥವರನ್ನು ಯಾವ ಪಟ್ಟಿಯಲ್ಲೂ ನಾನು ಕಂಡಿಲ್ಲ. ಹೋಗಲಿ, ಅದು ಬೇರೆ ಜಗಳ.

ಈಗ ಮೂರು ಶ್ರಗ್ ಆಗಿವೆ. ಹತ್ತಿಯದು ನನಗೆ, ಉಲ್ಲನ್ನಿನದು ಅಮ್ಮನಿಗೆ, ಮೂರನೆಯದನ್ನು ಮೊಳಕಾಲ್ಮೂರಿನ ನಾದಿನಿ ತೊಟ್ಟು ನೋಡುತ್ತೇನೆ ಅಂತ ತೆಗೆದುಕೊಂಡವಳು ವಾಪಸು ಕೊಟ್ಟಿಲ್ಲ. ಹೆಣೆಯುವವರಿಗೆ ಒಂದೇ ಮಾತು: ಒಗೆದ ಮೇಲೆ ಹ್ಯಾಂಗರಿಗೆ, ತಂತಿಗೆ ನೇತುಹಾಕಬೇಡಿ. ನನ್ನ ಹತ್ತಿಯದು ಒಂದೇ ರಾತ್ರಿಗೆ ನಾಲ್ಕು ಬೆರಳು ಜೋತುಬಿತ್ತು. ಚಾಪೆಯ ಮೇಲೆ ಹರವಿ, ನೆರಳಲ್ಲಿ ಒಣಗಿಸಿ, ಮಡಚಿ ಇಡಿ.