ಕರಿಯ ಕಾಫಿ ಪುಡಿ ತಿಂದ ಸಂಜೆ

ಮೂಡಿಗೆರೆ ಪೇಟೆಯಿಂದ ಬಂದವನು ಚೀಲವನ್ನು ಜಗಲಿಯಲ್ಲೇ ಇಟ್ಟು ಕೈಕಾಲು ತೊಳೆಯಲು ಹೋಗಿದ್ದೆ. ಅಷ್ಟರಲ್ಲಿ ಮಗಳ ಕೂಗು: “ಅಪ್ಪಾ, ಕರಿಯ ಕಾಫಿ ಪುಡಿ ತಿಂದಿದ್ದಾನೆ!”

ಬನ್ನಿನ ವಾಸನೆಗೆ ಚೀಲ ಎಳೆದಿದ್ದ. ಪುಡಿಯ ಪೊಟ್ಟಣವೂ ಹರಿದಿತ್ತು. ಪುಡಿ ಮೆತ್ತಿದ ಬನ್ನುಗಳನ್ನು ಗುಳುಂ ಮಾಡಿ ಬಾಲ ಅಲ್ಲಾಡಿಸುತ್ತಿದ್ದ.

ಕಾಫಿ ಬೆಳೆದೇ ಬದುಕುವವರು ನಾವು. ಆದರೆ ಅದರಲ್ಲಿರುವ ಕೆಫೀನ್ ನಾಯಿಗೆ ವಿಷ. ದೇಹತೂಕದ ಪ್ರತಿ ಕಿಲೋಗೆ ಸುಮಾರು 20 ಮಿಲಿಗ್ರಾಂ ಸೇರಿದರೂ ಚಡಪಡಿಕೆ, ವಾಂತಿ ಶುರುವಾಗಬಹುದು. ಇನ್ನೂ ಹೆಚ್ಚಾದರೆ ಎದೆಬಡಿತ ಏರಿ, ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ರೊಬಸ್ಟಾದಲ್ಲಂತೂ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್.

“ಉಪ್ಪುನೀರು ಕುಡಿಸೋ, ಕಕ್ಕುತ್ತೆ” ಎಂದರು ಅಮ್ಮ. ಪಶುವೈದ್ಯರಿಗೆ ಫೋನ್ ಮಾಡಿದೆ. “ಉಪ್ಪುನೀರು ಬೇಡವೇ ಬೇಡ, ಉಪ್ಪು ಹೆಚ್ಚಾದರೆ ಅದೂ ವಿಷವೇ. ಎಷ್ಟು ತಿಂದ? ಯಾವಾಗ? ತೂಕ ಎಷ್ಟು?” ಎಂದರು. ನಾನು ತಬ್ಬಿಬ್ಬಾದೆ.

ಉತ್ತರ ಹುಡುಕಿದ್ದು ಮಗಳು. ಚೆಲ್ಲಿದ ಪುಡಿಯನ್ನು ಬಳಿದು ಅಡುಗೆಮನೆಯ ತಕ್ಕಡಿಯಲ್ಲಿಟ್ಟಳು. 100 ಗ್ರಾಂ ಪೊಟ್ಟಣದಲ್ಲಿ 70 ಗ್ರಾಂ ಉಳಿದಿತ್ತು. ಕರಿಯನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನನ್ನನ್ನು ನಿಲ್ಲಿಸಿದಳು. ನನ್ನ ತೂಕ ಕಳೆದರೆ ಅವನದು 15 ಕಿಲೋ. “ತಡಮಾಡದೆ ಕರೆತನ್ನಿ” ಎಂದರು ವೈದ್ಯರು.

ಮಳೆಯಲ್ಲೇ ಜೀಪು ಹೊರಟಿತು. ಮಗಳ ಮಡಿಲಲ್ಲಿದ್ದ ಕರಿಯ ಏದುಸಿರು ಬಿಡತೊಡಗಿದ್ದ. ವೈದ್ಯರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಹೊಟ್ಟೆಯಲ್ಲಿ ಉಳಿದ ವಿಷವನ್ನು ಹೀರಲು ಔಷಧದ ಇದ್ದಿಲು ಕುಡಿಸಿದರು. ಆ ರಾತ್ರಿ ಅವನೂ ಮಲಗಲಿಲ್ಲ, ನಾವೂ ಮಲಗಲಿಲ್ಲ. ಬೆಳಿಗ್ಗೆ ಗಂಜಿ ನೆಕ್ಕಿದಾಗಲೇ ಮಗಳ ಮುಖ ಅರಳಿತು.

ಕಾಫಿಯಷ್ಟೇ ಅಲ್ಲ. ಚಾಕೊಲೇಟ್, ಅದರಲ್ಲೂ ಕಪ್ಪು ಚಾಕೊಲೇಟ್, ನಾಯಿಗೆ ಅಪಾಯ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಹುದು; ಪಾಯಸ ಹಾಕುವಾಗ ನೆನಪಿರಲಿ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನ ಕ್ಸೈಲಿಟಾಲ್ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸುತ್ತದೆ.

ಹಾಗೇನಾದರೂ ಆದರೆ ಉಳಿದ ತಿಂಡಿಯನ್ನು ಮೊದಲು ದೂರವಿಡಿ. ಏನು, ಎಷ್ಟು, ಯಾವಾಗ ಎಂದು ಬರೆದುಕೊಳ್ಳಿ. ಲಕ್ಷಣ ಕಾಣಲಿ ಎಂದು ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಹೇಳದೆ ವಾಂತಿ ಮಾಡಿಸಬೇಡಿ. ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.

ತಪ್ಪು ಕರಿಯನದಲ್ಲ, ಚೀಲ ಕೆಳಗಿಟ್ಟ ನನ್ನದು. ಈಗ ಜಗಲಿಯ ಗೋಡೆಗೆ ಎತ್ತರದಲ್ಲಿ ಒಂದು ಮೊಳೆ ಹೊಡೆದಿದ್ದೇನೆ. ನಾನು ಪೇಟೆಯಿಂದ ಬಂದೊಡನೆ ಮಗಳು ನೋಡುವುದು ಆ ಮೊಳೆಯನ್ನೇ.