ಕಾವ್ಯದಲ್ಲಿ ಮುಪ್ಪಿನ ಅಳಲು: ಅರಬ್ಬೀ ಮತ್ತು ಕನ್ನಡ ಪರಂಪರೆಗಳು

ಮುಪ್ಪನ್ನು ಕುರಿತ ಅಳಲು ಅತಿ ಪ್ರಾಚೀನವಾದ ಕಾವ್ಯವಸ್ತುಗಳಲ್ಲೊಂದು. ನರೆ, ಸುಕ್ಕು, ಬಾಗಿದ ಬೆನ್ನು, ಊರುಗೋಲು ಇವು ದೇಶಭಾಷೆಗಳ ಭೇದವಿಲ್ಲದೆ ಕಾಣಬರುತ್ತವೆ. ಆದರೆ ಇಂತಹ ರಚನೆಯನ್ನು ಕವಿಯ ಜೀವನಕ್ಕೆ ಸಾಕ್ಷ್ಯವೆಂದು ಚರಿತ್ರಕಾರನು ಪರಿಗಣಿಸಬಹುದೆ ಎಂಬ ಪ್ರಶ್ನೆ ವಿಚಾರಣೀಯವಾದುದು.

ಇಸ್ಲಾಂ ಧರ್ಮದ ಉದಯಕ್ಕೆ ಮುಂಚಿನ ಅರಬ್ಬೀ ಕಾವ್ಯದಲ್ಲಿ ಈ ವಸ್ತು ವಿಪುಲವಾಗಿದೆ. ತಲೆ ನರೆತವನಿಗೂ ಸಂಪತ್ತು ಕುಂದಿದವನಿಗೂ ಸ್ತ್ರೀಯರ ಒಲವು ದೊರೆಯದೆಂಬುದು 6ನೆಯ ಶತಮಾನದ ಅಲ್ಕಮನ ಅಭಿಪ್ರಾಯ. ಜುಹೈರನು ತನ್ನ ಪ್ರಸಿದ್ಧ ಕಸೀದದ ಕೊನೆಯ ಭಾಗದಲ್ಲಿ 80 ವರ್ಷಗಳ ಬಾಳಿನ ಭಾರದಿಂದ ಬಳಲಿರುವುದಾಗಿ ತಿಳಿಸುತ್ತಾನೆ. ಮರುಭೂಮಿಯ ಕುಲಜೀವನದಲ್ಲಿ ಸವಾರಿ, ಯುದ್ಧ, ಅತಿಥಿಸತ್ಕಾರಗಳೇ ಪುರುಷನ ಹಿರಿಮೆಗೆ ಆಧಾರ. ಆದಕಾರಣ ಅಲ್ಲಿ ಮುಪ್ಪೆಂದರೆ ದೇಹದ ಕ್ಷಯ ಮಾತ್ರವಲ್ಲ, ಕುಲದ ನಡುವೆ ಸ್ಥಾನದ ಚ್ಯುತಿ. 9ನೆಯ ಶತಮಾನದಲ್ಲಿ ಬಸ್ರಾ ನಗರದ ವಿದ್ವಾಂಸ ಅಬೂ ಹಾತಿಮ್ ಸಿಜಿಸ್ತಾನಿಯು ದೀರ್ಘಾಯುಗಳ ವೃತ್ತಾಂತಗಳನ್ನೂ ಪದ್ಯಗಳನ್ನೂ ಸಂಗ್ರಹಿಸಿದನು. ಅವರಲ್ಲಿ ಕೆಲವರಿಗೆ ನೂರಾರು ವರ್ಷಗಳ ಆಯುಸ್ಸನ್ನು ಹೇಳಲಾಗಿದೆ. ಹೀಗಿರುವಾಗ ಪದ್ಯದೊಳಗಿನ ಸಂಖ್ಯೆಯೊಂದರಿಂದಲೇ ಕವಿಯ ಜನ್ಮವರ್ಷವನ್ನು ನಿರ್ಣಯಿಸುವುದು ಯುಕ್ತವಲ್ಲ.

ಈ ಎಚ್ಚರಿಕೆ ನಮ್ಮ ಸಾಹಿತ್ಯಕ್ಕೂ ಅನ್ವಯಿಸುತ್ತದೆ. ಮುಪ್ಪಿನ ಚಿಹ್ನೆಗಳನ್ನು ಒಂದೊಂದಾಗಿ ಎಣಿಸಿ, ಅವು ಬರುವುದಕ್ಕೆ ಮೊದಲೇ ದೇವನನ್ನು ಪೂಜಿಸೆಂದು ಬೋಧಿಸುವ ಬಸವಣ್ಣನವರ ವಚನವು ಕನ್ನಡಿಗರಿಗೆ ಚಿರಪರಿಚಿತ. ಅವರ ಜನ್ಮವರ್ಷ 1105 ಎಂದು ಕೆಲವರು, 1131 ಎಂದು ಕೆಲವರು ಹೇಳುವರು. ಐಕ್ಯವಾದುದು 1167ರ ಸುಮಾರಿನಲ್ಲಿ. ಎರಡನೆಯ ಲೆಕ್ಕವನ್ನು ಒಪ್ಪುವುದಾದರೆ ಅವರು ಮುಪ್ಪನ್ನು ಕಾಣಲೇ ಇಲ್ಲ. ಅಲ್ಲಿರುವುದು ಸ್ವಂತ ಮುಪ್ಪಿನ ವರದಿಯಲ್ಲ, ಕೇಳುವವನಿಗೆ ಕೊಟ್ಟ ಎಚ್ಚರಿಕೆ. 1209ರಲ್ಲಿ ಜನ್ನನು ಕನ್ನಡದಲ್ಲಿ ರಚಿಸಿದ ಯಶೋಧರನ ಕಥೆಯಲ್ಲಿಯೂ, ನರೆಯನ್ನು ಕಂಡ ಅರಸನು ಮಗನಿಗೆ ರಾಜ್ಯವನ್ನೊಪ್ಪಿಸಿ ತಪಸ್ಸಿಗೆ ತೆರಳುತ್ತಾನೆ. ಅರಬ್ಬೀ ಕವಿಗೆ ನರೆಯು ಕಳೆದುದರ ಲೆಕ್ಕ. ಈ ಎರಡು ಕನ್ನಡ ಕೃತಿಗಳಲ್ಲಿ ಅದು ಮುಂದೆ ಮಾಡಬೇಕಾದುದರ ಕರೆ.

ಜನ್ನನು ಹೊಯ್ಸಳರ ಆಸ್ಥಾನಕವಿ. ಅದೇ ರಾಜವಂಶದ ಇಮ್ಮಡಿ ನರಸಿಂಹನ ದಂಡನಾಥ ಪೋಲಾಳ್ವನು 1224ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದ ಆ ಗುಡಿಯ ಶಿಲಾಶಾಸನಗಳು ನಮ್ಮ ವಿದ್ಯಾರ್ಥಿಗಳ ಅಧ್ಯಯನಕ್ಕೆ ಸಮೀಪದ ಆಕರಗಳು. ಕಾವ್ಯದ ಸಾಕ್ಷ್ಯವನ್ನು ತೂಗಲು ಶಾಸನಭಾಷೆಯ ಅಳತೆಗೋಲು ಉಪಯುಕ್ತ. ಶಾಸನಪದ್ಧತಿಯಲ್ಲಿ ದತ್ತಿಯ ಅವಧಿ ಆಚಂದ್ರಾರ್ಕ. ದಾನಿಯ ಪ್ರಶಸ್ತಿಯಲ್ಲಿ ಶೌರ್ಯ, ಔದಾರ್ಯ, ಭಕ್ತಿಗಳಿಗೆ ಸ್ಥಾನವುಂಟು, ನಡುಗುವ ಕೈಗಿಲ್ಲ. ಕಲ್ಲಿನಲ್ಲಿ ದಾನಿಯು ಮುದುಕನಾಗುವುದಿಲ್ಲ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಶಾಸನವು ತೇದಿಯನ್ನು ಕೊಡುತ್ತದೆ, ಮುಪ್ಪನ್ನು ಮರೆಮಾಡುತ್ತದೆ. ಕಾವ್ಯವು ಮುಪ್ಪನ್ನು ತೋರುತ್ತದೆ, ಆದರೆ ಅದರ ಸಂಖ್ಯೆ ನೆಚ್ಚತಕ್ಕದ್ದಲ್ಲ. ಕವಿಯ ವಯಸ್ಸನ್ನು ತಿಳಿಯಲು ಈ ಪದ್ಯಗಳು ದುರ್ಬಲವಾದ ಆಧಾರ. ಒಂದು ಸಮಾಜವು ಮನುಷ್ಯನ ಬೆಲೆಯನ್ನು ಯಾವುದರಲ್ಲಿ ಕಂಡಿತು, ಶಕ್ತಿ ಉಡುಗಿದವನಿಗೆ ಯಾವ ದಾರಿಯನ್ನು ತೋರಿತು ಎಂಬುದನ್ನು ತಿಳಿಯಲಾದರೋ ಇವಕ್ಕಿಂತ ಹತ್ತಿರದ ಸಾಕ್ಷ್ಯ ವಿರಳ. ದೇವಾಲಯ ಕಟ್ಟಿಸಿದವರ ಹೆಸರಿನೊಡನೆ ಹಿಂದಿನವರ ನೋವೂ ಚರಿತ್ರೆಯಲ್ಲಿ ಸೇರಬೇಕಾದರೆ ಈ ಎರಡು ಬಗೆಯ ಆಕರಗಳನ್ನೂ ಒಟ್ಟಿಗೆ ಓದುವುದು ಅವಶ್ಯಕ.